ಜರ್ಮನಿಯಲ್ಲಿ ಇಂಟರ್ನ್‌ಶಿಪ್: ಅಂಚೆಪೆಟ್ಟಿಗೆಯಿಂದ ಸರ್ಟಿಫಿಕೇಟಿನವರೆಗೆ

ಜರ್ಮನಿಯಲ್ಲಿ ಇಳಿದ ಮೇಲೆ ಸಿಮ್ಮು, ಬ್ಯಾಂಕು ಎಂದು ಓಡಾಡುವ ಮೊದಲು ಮನೆಯ ಅಂಚೆಪೆಟ್ಟಿಗೆಗೂ ಕಾಲಿಂಗ್ ಬೆಲ್ಲಿಗೂ ನಿಮ್ಮ ಹೆಸರು ಅಂಟಿಸಿ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರು ಇರುವುದಿಲ್ಲ. ಪೋಸ್ಟ್‌ಮನ್ ನೋಡುವುದು ಹೆಸರನ್ನೇ. ಅದು ಕಾಣದಿದ್ದರೆ ಕಾಗದ ವಾಪಸ್. ತೆರಿಗೆಯ 11 ಅಂಕಿಯ ನಂಬರು, ವಿಮೆ ಕಾರ್ಡು, ಎಷ್ಟೋ ಬ್ಯಾಂಕುಗಳ ಪಿನ್ ಎಲ್ಲವೂ ಅಂಚೆಯಲ್ಲೇ ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಹೆಸರು ಬರೆಯಬೇಕು, ಇನಿಷಿಯಲ್ ಮೊಟಕು ಮಾಡಬಾರದು.

ಮೂರು ತಿಂಗಳಿಗಿಂತ ಹೆಚ್ಚು ಇರುವವರು ಮನೆಗೆ ಹೋದ ಎರಡು ವಾರದೊಳಗೆ ಊರಿನ ನಾಗರಿಕ ಸೇವಾ ಕಚೇರಿಯಾದ ಬ್ಯುರ್ಗರ್‌ಆಮ್ಟ್‌ನಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಪಾಸ್‌ಪೋರ್ಟಿನ ಜೊತೆ, ಇವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ಫಾರಂ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಈ ಫಾರಂ ಕೊಡುತ್ತೀರಾ ಎಂದು ಇಮೇಲಿನಲ್ಲಿ ಕೇಳುವುದು ನನ್ನ ಪದ್ಧತಿ. "ನೋಂದಣಿ ಬೇಡ, ಬಾಡಿಗೆ ಕಮ್ಮಿ ಮಾಡುತ್ತೇನೆ" ಎಂದರೆ ಆ ಕೋಣೆಯ ಆಸೆ ಬಿಡುತ್ತೇನೆ. ನೋಂದಣಿ ಆಗದೆ ತೆರಿಗೆ ನಂಬರು ಬರುವುದಿಲ್ಲ, ಅದಿಲ್ಲದೆ ಸಂಬಳದ ಲೆಕ್ಕ ಎಡವಟ್ಟಾಗುತ್ತದೆ. ನೋಂದಣಿ ಫಾರಮಿನಲ್ಲಿ ಧರ್ಮದ ಕಾಲಂ ಇರುತ್ತದೆ. ಅದು ಬರೀ ಮಾಹಿತಿಗಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದವರಿಗೆ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9ರಷ್ಟು ಚರ್ಚ್ ತೆರಿಗೆ ಬೀಳುತ್ತದೆ.

ನೋಂದಣಿಯಾದ ಮೇಲೆ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ: ತಿಂಗಳಿಗೆ 18.36 ಯೂರೋ. "ನನ್ನ ಹತ್ತಿರ ಟಿವಿಯೇ ಇಲ್ಲವಲ್ಲ" ಎಂದು ಅದನ್ನು ಬುಟ್ಟಿಗೆ ಹಾಕಬೇಡಿ. ಶುಲ್ಕ ಮನೆಗೊಂದು, ತಲೆಗೊಂದಲ್ಲ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರು ಬರೆದು ಉತ್ತರ ಕಳಿಸಿದರೆ ಸಾಕು. ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ.

ಕಾಗದದಂತೆಯೇ ಮಾತೂ ಅಲ್ಲಿ ಅಕ್ಷರಶಃ. ಹೋಟೆಲಿನಲ್ಲಿ 16.50ರ ಬಿಲ್ಲಿಗೆ 20ರ ನೋಟು ಚಾಚುತ್ತ "ಡಾಂಕೆ" (ಧನ್ಯವಾದ) ಅಂದಿರೋ, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದ ಹಾಗೆ. ಟಿಪ್ಸ್ ಸೇರಿಸಿ "18" ಎಂದು ಮೊತ್ತ ಹೇಳಿ, ಬಾಕಿ ಕೈಗೆ ಬಂದ ಮೇಲೆ ಡಾಂಕೆ ಹೇಳಿ. ಇನ್ನಷ್ಟು ಬಡಿಸಲೇ ಎಂದು ಕೇಳಿದಾಗಲೂ ಬರೀ ಡಾಂಕೆ ಅಂದರೆ "ಬೇಡ" ಎಂದೇ ಅರ್ಥವಾಗಬಹುದು. ಬೇಕಿದ್ದರೆ "ಯಾ, ಗೆರ್ನೆ" (ಹೌದು, ಖುಷಿಯಿಂದ) ಅನ್ನಿ. "ಹಾಲ್ಬ್ ಆಖ್ಟ್" (ಅರ್ಧ ಎಂಟು) ಎಂಬುದು ಕಿವಿಗೆ ಎಂಟೂವರೆ ಅನ್ನಿಸಿದರೂ ಅದು ಏಳೂವರೆ, ಎಂಟಕ್ಕೆ ಅರ್ಧ ಕಮ್ಮಿ. ಸಂಖ್ಯೆ ಹೇಳುವಾಗ ಬಿಡಿ ಮೊದಲು, ಹತ್ತು ಆಮೇಲೆ: 24 ಅನ್ನು "ನಾಲ್ಕು-ಮತ್ತು-ಇಪ್ಪತ್ತು" ಎನ್ನುತ್ತಾರೆ. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿಸಿಕೊಳ್ಳಿ. ಇಂಟರ್ನ್‌ಗಳು ಹೆಚ್ಚು ಎಡವುವುದು ಎಕ್ಸೆಲ್‌ನಲ್ಲಿ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ಜರ್ಮನ್ ಸೆಟ್ಟಿಂಗಿನ ಎಕ್ಸೆಲ್‌ನಲ್ಲಿ 3.5 ಎಂದು ಟೈಪ್ ಮಾಡಿದರೆ ಅದು ಮೇ 3 ಎಂಬ ತಾರೀಖಾಗಿ ಕೂರುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಿಎಸ್‌ವಿ ಫೈಲು (ಸಾದಾ ಪಠ್ಯದ ಡೇಟಾ ಪಟ್ಟಿ) ತೆರೆಯುವ ಮೊದಲು ಈ ಸೆಟ್ಟಿಂಗ್ ನೋಡುವುದು ಒಳ್ಳೆಯದು.

ಆಫೀಸಿನಲ್ಲಿ "ನೋಡೋಣ, ಆಗಬಹುದು" ಎಂಬ ನಮ್ಮ ಸೌಜನ್ಯದ ನಿರಾಕರಣೆ ಒಪ್ಪಿಗೆಯಾಗಿ ದಾಖಲಾಗುತ್ತದೆ. ತಲೆ ಅಲ್ಲಾಡಿಸಿದ್ದು ಹೌದೋ ಅಲ್ಲವೋ ಅವರಿಗೆ ತಿಳಿಯದು. ನಾನು ಬಳಸುವ ವಾಕ್ಯ ಇದು: "ಗುರುವಾರ 3 ಗಂಟೆಗೆ ಮೊದಲ ಭಾಗ ಕೊಡುತ್ತೇನೆ. ಡೇಟಾ ಕೈಗೆ ಬರದಿದ್ದರೆ ಮಂಗಳವಾರವೇ ತಿಳಿಸುತ್ತೇನೆ." ತಡ ತಪ್ಪಲ್ಲ, ತಡವಾಗಿ ತಿಳಿಸುವುದು ತಪ್ಪು. "ನಿಖ್ಟ್ ಶ್ಲೆಖ್ಟ್" ಅಂದರೆ "ಪರವಾಗಿಲ್ಲ" ಎಂದು ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಅದು ಹೊಗಳಿಕೆ. ಹುಷಾರು ತಪ್ಪಿದರೆ ಕೆಲಸ ಶುರುವಾಗುವ ಮೊದಲೇ ತಿಳಿಸಬೇಕು, ಕಾಯಿಲೆ ಏನು ಎಂದು ಹೇಳಬೇಕಿಲ್ಲ. ಮೂರು ದಿನ ದಾಟಿದರೆ ಡಾಕ್ಟರ ಪ್ರಮಾಣಪತ್ರ ಬೇಕು, ಕೆಲವು ಕರಾರುಗಳಲ್ಲಿ ಮೊದಲ ದಿನದಿಂದಲೇ. ಹುಟ್ಟುಹಬ್ಬಕ್ಕೆ ಕೇಕು ತರುವುದು ಹುಟ್ಟಿದವರೇ. ಹಿಂದಿನ ದಿನವೇ ಶುಭಾಶಯ ಹೇಳಿದರೆ ಅಪಶಕುನ ಎನ್ನುತ್ತಾರೆ.

ಮನೆಯೊಳಗಿನ ದೊಡ್ಡ ಜಗಳ ಹೀಟರಿನದು. ರೇಡಿಯೇಟರಿನ ತಿರುಗಣೆಯ ಮೇಲಿರುವ 1ರಿಂದ 5 ಫ್ಯಾನ್ ರೆಗ್ಯುಲೇಟರಿನಂತೆ ವೇಗ ಹೇಳುವುದಿಲ್ಲ, ಕೋಣೆ ಎಷ್ಟು ಬೆಚ್ಚಗಾಗಬೇಕು ಎಂದು ಹೇಳುತ್ತದೆ. 3 ಅಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ಸುಮಾರು 4 ಡಿಗ್ರಿ ಹೆಚ್ಚುಕಮ್ಮಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗದು, ಬಿಸಿ ನಿಲ್ಲುವುದು ತಡವಾಗುತ್ತದೆ ಅಷ್ಟೇ. ಆ ತಿರುಗಣೆಯೊಳಗಿನ ದ್ರವ ಅಥವಾ ಮೇಣ ಶಾಖಕ್ಕೆ ಹಿಗ್ಗಿ ಬಿಸಿನೀರಿನ ದಾರಿಯನ್ನು ಮುಚ್ಚುತ್ತದೆ. ಅದರ ಮೇಲೆ ಪರದೆಯೋ ಒಣಹಾಕಿದ ಟವೆಲೋ ಬಿದ್ದರೆ ಅಲ್ಲೇ ಶಾಖ ಕಟ್ಟಿಕೊಂಡು, ಕೋಣೆ ತಣ್ಣಗಿದ್ದರೂ ವಾಲ್ವು ಮುಚ್ಚಿಕೊಳ್ಳುತ್ತದೆ. ಇನ್ನು ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದು ನಷ್ಟ: ಗೋಡೆ ತಣಿದು, ಅಡುಗೆಯ ಹಬೆ ಅಲ್ಲಿ ನೀರಾಗಿ, ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಅದರ ಖರ್ಚು ಅಡ್ವಾನ್ಸಿನಲ್ಲಿ ಕಡಿತವಾಗಬಹುದು. ತಿರುಗಣೆ ಇಳಿಸಿ, ದಿನಕ್ಕೆ ಎರಡು ಮೂರು ಸಲ, 5ರಿಂದ 10 ನಿಮಿಷ ಕಿಟಕಿ ಪೂರ್ತಿ ತೆರೆದು ಮುಚ್ಚಿ. ಅನ್ನ ಬಸಿದ ಮೇಲೆ, ಸ್ನಾನವಾದ ಮೇಲೆ ತಪ್ಪದೆ.

ಭಾನುವಾರ ಅಂಗಡಿ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳನ್ನು ಬಿಟ್ಟು. ರಾತ್ರಿ 10ರ ನಂತರ ಮತ್ತು ಭಾನುವಾರವಿಡೀ ಡ್ರಿಲ್ಲಿಂಗ್ ಬೇಡ, ಗಾಜಿನ ಬಾಟಲಿ ಡಬ್ಬಕ್ಕೆ ಹಾಕುವುದೂ ಬೇಡ. ಗಾಜಿಗೆ ಬಣ್ಣಕ್ಕೊಂದು ಡಬ್ಬ, ನೀಲಿ ಗಾಜು ಹಸಿರು ಗಾಜಿನ ಡಬ್ಬಕ್ಕೆ ಹೋಗುತ್ತದೆ. 25 ಸೆಂಟ್ ಠೇವಣಿಯ ಪ್ಲಾಸ್ಟಿಕ್ ಬಾಟಲಿಯನ್ನು ಜಜ್ಜಬೇಡಿ, ಲೇಬಲ್ ಓದಲಾಗದಿದ್ದರೆ ಬಾಟಲಿ ತೆಗೆದುಕೊಂಡು ಠೇವಣಿ ಮರಳಿಸುವ ಯಂತ್ರ ಅದನ್ನು ವಾಪಸ್ ನೂಕುತ್ತದೆ.

ಕೊನೆಗೆ, ಕೆಲಸ ಹೇಗೆ ಮಾಡಿದಿರಿ ಎಂದು ಕಂಪನಿ ಬರೆದುಕೊಡುವ ಸರ್ಟಿಫಿಕೇಟ್. ಮುಖಕ್ಕೆ ನೇರವಾಗಿ ಮಾತಾಡುವ ಜನ ಇಲ್ಲಿ ಮಾತ್ರ ಗೂಢಲಿಪಿಯಲ್ಲಿ ಬರೆಯುತ್ತಾರೆ. "ಶ್ಟೇಟ್ಸ್ ತ್ಸು ಉನ್ಸರರ್ ಫೋಲ್‌ಸ್ಟನ್ ತ್ಸುಫ್ರೀಡನ್‌ಹೈಟ್", ಅಂದರೆ "ಸದಾ ಅತ್ಯಂತ ಪೂರ್ಣ ತೃಪ್ತಿ", ಮೊದಲ ದರ್ಜೆ. "ಸದಾ ಪೂರ್ಣ ತೃಪ್ತಿ" ಎರಡನೆಯದು. "ಸದಾ" ಬಿದ್ದುಹೋದರೆ ಮೂರು, "ಪೂರ್ಣ"ವೂ ಹೋಗಿ ಬರೀ "ತೃಪ್ತಿ" ಉಳಿದರೆ ನಾಲ್ಕು. ಓದಲು ಎಲ್ಲವೂ ಹೊಗಳಿಕೆಯಂತೆಯೇ ಇರುತ್ತದೆ. ಹಾಗಾಗಿ ಕೊನೆಯ ದಿನಕ್ಕೆ ಮೂರು ನಾಲ್ಕು ವಾರ ಮೊದಲೇ, ನೀವು ಮಾಡಿದ ಕೆಲಸಗಳ ಪಟ್ಟಿಯೊಂದಿಗೆ, ಕರಡು ತೋರಿಸಿ ಎಂದು ಮೇಲಧಿಕಾರಿಗೆ ಬರಹದಲ್ಲಿ ಕೇಳಿ. ಅವರ ರಜೆ ಯಾವಾಗ ಎಂದು ಅದಕ್ಕೂ ಮೊದಲು ವಿಚಾರಿಸಿಕೊಳ್ಳಿ.