ಅಡಿಕೆ ಸಲಾಕೆಯ ನೆರಳಲ್ಲಿ ಒಬ್ಬ ಪತ್ತೇದಾರ

ಮೊದಲ ದಿನದ ಶೂಟಿಂಗಿಗೆ ನಮ್ಮ ಪತ್ತೇದಾರ ಉದ್ದ ಕೋಟು, ಅಗಲ ಅಂಚಿನ ಟೊಪ್ಪಿ ಹಾಕಿಕೊಂಡು ಬಂದ. ಮೇ ತಿಂಗಳು. ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಮನೆಯಂಗಳ. ಹತ್ತು ನಿಮಿಷಕ್ಕೆ ಕೋಟಿನ ಬೆನ್ನು ಒದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಮಾವ ತಲೆ ಎತ್ತಿ ನೋಡಿ, "ಎಂತ ಮಾರಾಯ, ಇವನಿಗೆ ಜ್ವರವಾ?" ಎಂದರು. ಅಲ್ಲಿಗೆ ಕೋಟು ಹೋಯಿತು. ಆ ದಿನದ ಶೂಟಿಂಗೂ ಹೋಯಿತು.

ನಾನು ಹೊರಟದ್ದು 18 ನಿಮಿಷದ ಒಂದು ಕಿರುಚಿತ್ರ ಮಾಡಲಿಕ್ಕೆ. 1940ರ ದಶಕದ ಅಮೆರಿಕದ ಕಪ್ಪು-ಬಿಳುಪು ಕ್ರೈಮ್ ಚಿತ್ರಗಳು ಇವೆಯಲ್ಲ, ಅವುಗಳಿಗೆ 1946ರಲ್ಲಿ ಫ್ರಾನ್ಸಿನ ವಿಮರ್ಶಕರು 'ಫಿಲ್ಮ್ ನುವಾರ್' ಅಂತ ಹೆಸರಿಟ್ಟರು. ಕಪ್ಪು ಚಿತ್ರ ಅಂತ ಅರ್ಥ. ಅವನ್ನು ನೋಡಿ ನೋಡಿ ಹುಚ್ಚು ಹಿಡಿದಿತ್ತು. ಒಂದು ನಮಸ್ಕಾರ ಹೇಳಬೇಕು ಅಂತ ಆಸೆ. ಆದರೆ ನಮಸ್ಕಾರ ಹೇಳಲಿಕ್ಕೆ ಅವರ ಬಟ್ಟೆಯನ್ನೇ ಹಾಕಿಕೊಳ್ಳಬೇಕಾಗಿಲ್ಲ ಅಂತ ಮಾವನಿಂದ ಗೊತ್ತಾಯಿತು.

ಕಥೆಯನ್ನೂ ಮತ್ತೆ ಬರೆದೆ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿತು. ಹಾಗಾಗಿ ಅಜ್ಜಂದಿರ ಕಾಲದ ಜಾಗದ ಕಾಗದಪತ್ರ ಕನ್ನಡದ ಕೈಬರಹದಲ್ಲಿದ್ದರೆ ಈಗಿನದ್ದು ಮಲಯಾಳದಲ್ಲಿ. ಹಳೆಯದನ್ನು ಓದಿ ಹೇಳುವವರು ಕಡಿಮೆ. ನನ್ನ ಪತ್ತೇದಾರ ಅಂಥ ಒಬ್ಬ ದಸ್ತಾವೇಜು ಬರೆಯುವವ. ಹಳೆಯ ನುವಾರ್‌ಗಳಲ್ಲಿ ಸಿಗರೇಟು ಹಚ್ಚಿಕೊಂಡ ಹೆಂಗಸು ಬಂದು ಅರ್ಧ ಸುಳ್ಳು ಹೇಳಿ ಕೇಸು ಕೊಡುತ್ತಾಳೆ. ನನ್ನಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಕಾಗದ ಹಿಡಿದು ಒಬ್ಬಳು ಬರುತ್ತಾಳೆ. ಅವಳು ಹೇಳುವುದೂ ಅರ್ಧ ಸುಳ್ಳೇ. ಪತ್ತೇದಾರನ ಕೈಯಲ್ಲಿ ಪಿಸ್ತೂಲು ಇಲ್ಲ. ಕೊಡೆ ಉಂಟು.

ಇನ್ನು ಬೆಳಕು. ನಿಜವಾಗಿ ತಲೆ ತಿಂದದ್ದು ಇದು.

ನುವಾರ್ ಅಂದ ಕೂಡಲೇ ಗೋಡೆ ಮೇಲೆ, ಮುಖದ ಮೇಲೆ ಬೀಳುವ ಪಟ್ಟೆ ಪಟ್ಟೆ ನೆರಳು ನೆನಪಾಗುತ್ತದೆ ಅಲ್ವಾ? ಅಲ್ಲಿ ಅದು ಕಿಟಕಿಯ ಪಟ್ಟಿಪರದೆಯಿಂದ ಬರುತ್ತದೆ. ನಮ್ಮ ಹಂಚಿನ ಮನೆಗೆ ಅಂಥ ಪರದೆ ಎಲ್ಲಿಂದ? ಅಟ್ಟದಲ್ಲಿ ಅಡಿಕೆ ಮರ ಸೀಳಿದ ಸಲಾಕೆ ಇತ್ತು. ಒಂಬತ್ತನ್ನು ಏಣಿಯ ಹಾಗೆ ಹಗ್ಗದಲ್ಲಿ ಕಟ್ಟಿದೆವು. ನಮ್ಮಲ್ಲಿದ್ದ ಒಂದೇ ಒಂದು 60 ವಾಟಿನ ಎಲ್‌ಇಡಿ ಲೈಟಿನ ಎದುರು ಹಿಡಿದೆವು. ಗೋಡೆ ಮೇಲೆ ಪಟ್ಟೆ ಇಲ್ಲ, ಸುಮ್ನೆ ಒಂದು ಮಸುಕು.

ಎರಡು ರಾತ್ರಿ ಹಾಳಾದ ಮೇಲೆ ತಪ್ಪು ತಿಳಿಯಿತು. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಕರಗುತ್ತದೆ. ನಾವು ಲೈಟಿಗೆ ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಹರಡಿ ಮೆದು ಮಾಡುವ ಬಿಳಿ ಬಟ್ಟೆಯ ಪೆಟ್ಟಿಗೆ ಹಾಕಿದ್ದೆವು, ಸಾಲದ್ದಕ್ಕೆ ಸಲಾಕೆಯನ್ನು ಅದಕ್ಕೇ ಅಂಟಿಸಿ ಹಿಡಿದಿದ್ದೆವು. ಬಟ್ಟೆ ಕಿತ್ತು ಹಾಕಿದೆವು. ಲೈಟನ್ನು ಅಂಗಳಕ್ಕೆ, ಕಿಟಕಿಯಿಂದ 20 ಅಡಿ ಆಚೆ ಒಯ್ದೆವು. ಸಲಾಕೆಯನ್ನು ಗೋಡೆಯ ಹತ್ತಿರ ತಂದೆವು, ಫ್ರೇಮಿನೊಳಗೆ ಬಾರದಷ್ಟು. ಚೂರಿಯಲ್ಲಿ ಗೀರಿದ ಹಾಗೆ ನೆರಳು ಬಿತ್ತು! ಬೆಲೆ ಮಾತ್ರ ಕೊಡಬೇಕಾಯಿತು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಡಿಯುವ ಚುರುಕು, ಅದನ್ನು 1600ಕ್ಕೆ ಏರಿಸಿದೆ. ಸ್ವಲ್ಪ ಕಾಳು ಕಾಳು ಬಂತು. ಬರಲಿ, ಈ ಜಾತಿಯ ಚಿತ್ರಕ್ಕೆ ಅದೇ ಚಂದ.

ಇನ್ನೊಂದು ಕಿರಿಕಿರಿ. ಸಿನಿಮಾದ ಹಾಗೆ ಕಾಣಲಿ ಅಂತ ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದೆ. ಜಗಲಿಯ ಬಲ್ಬು ಮಿಣಮಿಣ ಅನ್ನತೊಡಗಿತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಅದರ ಏರಿಳಿತಕ್ಕೆ 24 ತಾಳೆಯಾಗುವುದಿಲ್ಲ. 25 ಫ್ರೇಮು, ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡು ಇಟ್ಟ ಮೇಲೆ ನಿಂತಿತು.

ಬಣ್ಣದ ವಿಷಯದಲ್ಲಿ ಮೋಸ ಹೋದದ್ದು ಬೇರೆ. ಕೆಂಪು ಮುರಕಲ್ಲಿನ ಗೋಡೆ ಎದುರು ಕಾಗದ ತರುವ ಹೆಂಗಸಿಗೆ ಹಸಿರು ಸೀರೆ ಉಡಿಸಿದ್ದೆ. ಕಣ್ಣಿಗೆ ಎಷ್ಟು ಚಂದ! ಕಪ್ಪು-ಬಿಳುಪು ಮಾಡಿದರೆ ಎರಡೂ ಒಂದೇ ಬೂದು. ಗೋಡೆಯಿಂದ ಒಂದು ತಲೆ ಹೊರಗೆ ಬಂದ ಹಾಗಿತ್ತು. ಪುಣ್ಯಕ್ಕೆ ತೆಗೆದದ್ದು ಬಣ್ಣದಲ್ಲೇ. ಎಡಿಟಿಂಗಿನಲ್ಲಿ ಕೆಂಪು ಚಾನೆಲ್, ಅಂದರೆ ಚಿತ್ರದಲ್ಲಿ ಕೆಂಪಿನ ಪಾಲು ಏರಿಸಿದೆ, ಕಲ್ಲು ಬೆಳ್ಳಗಾಯಿತು, ಸೀರೆ ಕಪ್ಪಾಯಿತು. ಅಂದಿನಿಂದ ಕ್ಯಾಮೆರಾದ ಪರದೆಯನ್ನು ಕಪ್ಪು-ಬಿಳುಪಿಗೆ ಇಟ್ಟು ನೋಡುತ್ತೇನೆ, ರೆಕಾರ್ಡಿಂಗ್ ಮಾತ್ರ ಬಣ್ಣದಲ್ಲಿ.

ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ಬೇಕು. ದನದ ಹಟ್ಟಿಯಲ್ಲಿ ಸೊಳ್ಳೆಗೆ ಹೊಗೆ ಹಾಕುವ ಹಾಗೆ ಅಡಿಕೆ ಸಿಪ್ಪೆಗೆ ಕೆಂಡ ಹಾಕಿದೆವು. ಹೊಗೆ ಚೆನ್ನಾಗಿ ಬಂತು, ಕೆಮ್ಮು ಅದಕ್ಕಿಂತ ಚೆನ್ನಾಗಿ ಬಂತು. ಬಾಗಿಲು ತೆರೆದು, ಹೊಗೆ ತೆಳುವಾಗುವ ತನಕ ಕಾದು ತೆಗೆಯಬೇಕು.

ಒದ್ದೆ ರಸ್ತೆಗೆ ನಾವು ಯಾರ ಕೈಕಾಲೂ ಹಿಡಿಯಬೇಕಾಗಲಿಲ್ಲ. 1949ರ 'ದಿ ಥರ್ಡ್ ಮ್ಯಾನ್' ಚಿತ್ರದವರು ವಿಯೆನ್ನಾದ ಕಲ್ಲುಹಾಸಿನ ಬೀದಿಗೆ ನೀರು ಹಾಯಿಸಿದ್ದರು, ರಾತ್ರಿ ಬೆಳಕು ಹೊಳೆಯಲಿ ಅಂತ. ನಮಗೆ ಜೂನ್ ಬಂದರೆ ಸಾಕು. ಆದರೆ ಸುರಿಯುವ ಮಳೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ! ಲೈಟು ಕ್ಯಾಮೆರಾದ ಪಕ್ಕ ಇದ್ದರೆ ಹನಿ ಮಾಯ. ಮಳೆಯ ಆಚೆ, ಪತ್ತೇದಾರನ ಬೆನ್ನ ಹಿಂದೆ ಇಟ್ಟೆವು. ಒಂದೊಂದು ಹನಿಯೂ ಬೆಳ್ಳಿ ಗೆರೆ. ಕೊಡೆಯ ಅಂಚಿಗೂ ಬೆಳಕು ಹತ್ತಿತು. ಅಗಲ ಅಂಚಿನ ಟೊಪ್ಪಿಯಿಂದ ನಾನು ಬಯಸಿದ್ದು ಇಷ್ಟೇ ಆಗಿತ್ತು. ಲೈಟಿಗೆ ಮಾತ್ರ ಸರಿಯಾಗಿ ತಗಡು ಮುಚ್ಚಿ, ವಯರಿನ ಜೋಡಣೆ ನೆಲದಿಂದ ಮೇಲೆ ಕಟ್ಟಿ. ಅದರಲ್ಲಿ ಉದಾಸೀನ ಬೇಡ.

ಕೊನೆಗೆ ಉಳಿದದ್ದು ಪತ್ತೇದಾರನ ಸ್ವಗತ. ಮನೆಯೊಳಗೆ ರೆಕಾರ್ಡ್ ಮಾಡುವ ಹಾಗಿಲ್ಲ, ಹಂಚಿನ ಮೇಲೆ ಮಳೆ, ಸುತ್ತ ಕಪ್ಪೆ. ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಭಾವನ ಕಾರಿನಲ್ಲಿ ಕೂತೆವು. ಗಾಜು ಏರಿಸಿ, ಮೂರು ಕಂಬಳಿ ಹೊದೆಸಿ, ಎಸಿ ಬಂದ್ ಮಾಡಿ. ಪತ್ತೇದಾರನಿಗೆ ಎಷ್ಟು ಹೇಳಿದರೂ ಸ್ವರದಲ್ಲಿ ಆ ಸೋತ ದಣಿವು ಬರುತ್ತಿರಲಿಲ್ಲ, ಯಕ್ಷಗಾನದ ಅರ್ಥ ಹೇಳಿದ ಹಾಗೆ ಏರುತ್ತಿತ್ತು. ಹನ್ನೊಂದನೆಯ ಟೇಕಿಗೆ ಬೆವರು ಗಲ್ಲದಿಂದ ಇಳಿಯುತ್ತಿತ್ತು. "ಇನ್ನೊಂದು ಸಲ ಆಗ್ಲಿಕ್ಕಿಲ್ಲ ಮಾರಾಯ" ಎಂದ. ಅದೇ ಸ್ವರದಲ್ಲಿ ಓದು ಅಂದೆ.