ಪ್ಲಾನಿಂಗ್ ಫ್ಯಾಕಲ್ಟಿ ಕೆಲಸ ನನಗೆ ಸಿಕ್ಕಿದ್ದು ಹೇಗೆ: ಕ್ವೀನ್ಸ್ ಬೇಸ್‌ಮೆಂಟು, ಜಾಬ್ ಟಾಕು, ಆಮೇಲೆ ವೀಸಾ

ಅಮೆರಿಕದಲ್ಲಿ ಅರ್ಬನ್ ಪ್ಲಾನಿಂಗ್ ಡಿಪಾರ್ಟ್‌ಮೆಂಟುಗಳ ಫ್ಯಾಕಲ್ಟಿ ಜಾಹೀರಾತುಗಳು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬರ್ತವೆ. ಎಸಿಎಸ್‌ಪಿ ಅಂತ ಪ್ಲಾನಿಂಗ್ ಕಾಲೇಜುಗಳ ಒಕ್ಕೂಟ ಇದೆ, ಅದರ ಜಾಬ್ ಪೇಜನ್ನ ಆಗಾಗ ನೋಡ್ತಾ ಇದ್ರೆ ದೊಡ್ಡದು ಯಾವುದೂ ಕೈತಪ್ಪಲ್ಲ. ಒಕ್ಕೂಟದ ವಾರ್ಷಿಕ ಕಾನ್ಫರೆನ್ಸೂ ಅದೇ ಸುಮಾರಿಗೆ ಬರೋದ್ರಿಂದ ಆಯ್ಕೆ ಕಮಿಟಿಯವರು ಅಲ್ಲಿ ಎದುರಿಗೇ ಸಿಗ್ತಾರೆ, ಒಂದೈದು ನಿಮಿಷ ಮಾತಾಡ್ಸಿ ಬಂದ್ರೆ ಆಮೇಲೆ ಫೈಲ್ ತೆಗೆದಾಗ ಮುಖ ನೆನಪಿರತ್ತೆ. ನಾನು ಅಪ್ಲೈ ಮಾಡಿದ್ದು ಈಶಾನ್ಯ ಭಾಗದ ಒಂದು ಪಬ್ಲಿಕ್ ಯೂನಿವರ್ಸಿಟಿಗೆ, ಟೆನ್ಯೂರ್ ಟ್ರ್ಯಾಕ್ (ಅಂದ್ರೆ ಮುಂದೆ ಕಾಯಂ ಆಗೋ ದಾರಿಯಿರೋ) ಅಸಿಸ್ಟೆಂಟ್ ಪ್ರೊಫೆಸರ್ ಪೋಸ್ಟು, ವಿಷಯ ನಗರ ಯೋಜನೆ ಮತ್ತು ವಲಸಿಗ ಸಮುದಾಯಗಳ ಅಭಿವೃದ್ಧಿ.

ಇಂಥ ಜಾಹೀರಾತು ನೋಡಿದ ತಕ್ಷಣ ನಮ್ಮಂಥವರಿಗೆ ಅನ್ನಿಸೋದು, ಅಯ್ಯೋ ನಾನೇ ವಲಸಿಗ ಅಲ್ವಾ, ಇನ್ನೇನು ಬೇಕು ಅಂತ. ಅದು ಲೆಟರಲ್ಲಿ ಒಂದು ಸಾಲಿಗೆ ಸಾಕು. ಅಪ್ಲೈ ಮಾಡೋರಲ್ಲಿ ಸುಮಾರು ಜನ ವಲಸಿಗರೋ ವಲಸಿಗರ ಮಕ್ಕಳೋ ಆಗಿರ್ತಾರೆ, ಸೋಶಿಯಾಲಜಿ, ಜಾಗ್ರಫಿ ಕಡೆಯಿಂದ ಬರೋರು ಸಮುದಾಯದ ಬಗ್ಗೆ ನಮಗಿಂತ ಚೆನ್ನಾಗಿ ಬರೀತಾರೆ ಕೂಡ. ಪ್ಲಾನಿಂಗ್ ಕಮಿಟಿ ಹುಡುಕೋದು ಬೇರೇನೇ: ಈ ಜನಕ್ಕೆ ಆಗ್ತಿರೋ ತೊಂದರೇಲಿ ನಗರ ಆಡಳಿತದ ಕೈ ಎಲ್ಲಿದೆ, ಯಾವ ನಿಯಮ, ಯಾವ ಇಲಾಖೆ, ಯಾವ ದುಡ್ಡು, ಅದನ್ನ ಬದಲಾಯಿಸೋ ಅಧಿಕಾರ ಸಿಟಿಗಿದ್ಯಾ ಸ್ಟೇಟಿಗಿದ್ಯಾ. ಇದನ್ನ ಹೇಳಕ್ಕೆ ಬಂದ್ರೆ ಅರ್ಧ ಕೆಲಸ ಆದ ಹಾಗೆ, ಬರ್ಲಿಲ್ಲ ಅಂದ್ರೆ ಎಷ್ಟು ಪೇಪರ್ ಇದ್ರೂ ಅವರಿಗೆ ಸಮಾಧಾನ ಆಗಲ್ಲ.

ನನ್ನ ಪಿಎಚ್‌ಡಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೇಸ್‌ಮೆಂಟ್ ಮನೆಗಳ ಮೇಲೆ. ಕವರ್ ಲೆಟರನ್ನ ಅಲ್ಲಿಂದಲೇ ಶುರು ಮಾಡ್ದೆ, "ಐ ಆಮ್ ರೈಟಿಂಗ್ ಟು ಅಪ್ಲೈ" ಅನ್ನೋ ಸಾಲು ಎರಡನೇ ಪ್ಯಾರಾಕ್ಕೆ ಹೋಯ್ತು. ವಿಷಯ ಗೊತ್ತಿಲ್ದೋರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜಾಬ್ ಟಾಕೂ (ಇಂಟರ್‌ವ್ಯೂ ದಿನ ಡಿಪಾರ್ಟ್‌ಮೆಂಟಿನವರ ಮುಂದೆ ನಮ್ಮ ಸಂಶೋಧನೆ ಬಗ್ಗೆ ಕೊಡೋ ಭಾಷಣ) ಇದರ ಮೇಲೇ ನಿಂತಿತ್ತು. ನ್ಯೂಯಾರ್ಕ್ ಸಿಟಿ ಕಾನೂನಲ್ಲಿ ನೆಲದ ಕೆಳಗಿನ ಅಂತಸ್ತಿಗೆ ಎರಡು ಜಾತಿ. ಎತ್ತರದಲ್ಲಿ ಅರ್ಧವಾದ್ರೂ ರಸ್ತೆ ಮಟ್ಟಕ್ಕಿಂತ ಮೇಲಿದ್ರೆ ಅದು ಬೇಸ್‌ಮೆಂಟು, ಅರ್ಧಕ್ಕಿಂತ ಜಾಸ್ತಿ ಕೆಳಗಿದ್ರೆ ಸೆಲ್ಲರು. ಬೇಸ್‌ಮೆಂಟಾದ್ರೆ ಸೀಲಿಂಗ್ ಎತ್ತರ, ಕಿಟಕಿ, ಹೊರಹೋಗೋ ದಾರಿ ಎಲ್ಲ ಸರಿಯಿದ್ರೆ ಬಾಡಿಗೆಗೆ ಕೊಡೋ ದಾರಿಯಾದ್ರೂ ಇರತ್ತೆ, ಸೆಲ್ಲರಿಗೆ ಸಾಮಾನ್ಯವಾಗಿ ಅದೂ ಇಲ್ಲ. ಒಂದೇ ಬೀದೀಲಿ ಒಂದೇ ತರ ಕಾಣೋ ಎರಡು ಮನೆ, ಒಂದು ಕಡೆ ನೆಲ ಸ್ವಲ್ಪ ಇಳಿಜಾರು ಅಷ್ಟೇ, ಒಬ್ಬರದು ಬೇಸ್‌ಮೆಂಟು ಪಕ್ಕದವರದು ಸೆಲ್ಲರು. ಎರಡರಲ್ಲೂ ಜನ ಇದಾರೆ.

ಆ ಮನೆಯ ಓನರ್ ಯಾರು ಅಂದ್ರೆ ಬಹಳಷ್ಟು ಕಡೆ ಅವರೂ ವಲಸೆ ಬಂದವರೇ, ಗಯಾನಾದಿಂದಲೋ ಬಾಂಗ್ಲಾದಿಂದಲೋ ಪಂಜಾಬಿಂದಲೋ. ಕೆಳಗಿನ ಬಾಡಿಗೆ ಇಲ್ದೆ ಮಾರ್ಟ್‌ಗೇಜ್ ಕಟ್ಟಕ್ಕಾಗಲ್ಲ. ಬಾಡಿಗೆಗಿರೋರು ಇನ್ನೂ ಹೊಸದಾಗಿ ಬಂದವರು, ಮೇಲಿನ ಅಪಾರ್ಟ್‌ಮೆಂಟುಗಳು ಕೇಳೋ ಕ್ರೆಡಿಟ್ ಸ್ಕೋರ್ ಅವರ ಹತ್ರ ಇರಲ್ಲ. ಯಾರೋ ಸಿಟಿಯ ದೂರಿನ ಫೋನ್ ನಂಬರ್ 311ಕ್ಕೆ ಕಂಪ್ಲೇಂಟ್ ಕೊಟ್ರೆ ಇನ್‌ಸ್ಪೆಕ್ಟರ್ ಬಂದು ಖಾಲಿ ಮಾಡಿ ಅಂತ ಆರ್ಡರ್ ಅಂಟಿಸಬಹುದು, ಓನರಿಗೆ ದಂಡ, ಬಾಡಿಗೆಯವರಿಗೆ ಬೀದಿ. ಹಾಗಂತ ಸುಮ್ನೆ ಬಿಟ್ರೆ 2021ರ ಸೆಪ್ಟೆಂಬರಲ್ಲಿ ಐಡಾ ಚಂಡಮಾರುತದ ಮಳೆ ಬಂದಾಗ ಆದದ್ದೇ ಆಗತ್ತೆ, ಅವತ್ತು ನ್ಯೂಯಾರ್ಕ್ ಸಿಟೀಲಿ ಸತ್ತ 13 ಜನರಲ್ಲಿ 11 ಜನ ಬೇಸ್‌ಮೆಂಟ್ ಮನೆಗಳಲ್ಲಿದ್ದವರು, ಹೆಚ್ಚಿನವರು ಕ್ವೀನ್ಸ್‌ನವರು. ಹಾವೂ ಸಾಯ್ಬೇಕು ಕೋಲೂ ಮುರೀಬಾರ್ದು ಅನ್ನೋ ಸ್ಥಿತಿ. ಬ್ರೂಕ್ಲಿನ್‌ನ ಈಸ್ಟ್ ನ್ಯೂಯಾರ್ಕ್‌ನಲ್ಲಿ 2019ರಲ್ಲಿ ಇಂಥ ಮನೆಗಳನ್ನ ಕಾನೂನುಬದ್ಧ ಮಾಡೋ ಪೈಲಟ್ ಯೋಜನೆ ಶುರುವಾಯ್ತು, ಖರ್ಚು ಮತ್ತು ಕೋಡ್ ಜಟಿಲತೆ ನೋಡಿ ಮನೆಯವರೇ ಹಿಂದೆ ಸರಿದ್ರು. 2024ರಲ್ಲಿ ರಾಜ್ಯ ಶಾಸಕಾಂಗ ಕೆಲವು ಏರಿಯಾಗಳಿಗೆ ಮಾತ್ರ ಹೊಸ ಅವಕಾಶ ಕೊಡ್ತು. ಸಿಟಿಗೆ ಮನಸ್ಸಿದ್ರೂ ರಾಜ್ಯದ ಮಲ್ಟಿಪಲ್ ಡ್ವೆಲಿಂಗ್ ಕಾನೂನು (ಮೂರು ಅಥವಾ ಹೆಚ್ಚು ಮನೆಯಿರೋ ಕಟ್ಟಡಗಳದ್ದು) ಮುಟ್ಟದೇ ಎರಡು ಕುಟುಂಬದ ಮನೆಗೆ ಮೂರನೇ ಮನೆ ಸೇರ್ಸೋದು ಕಷ್ಟ, ಅದಕ್ಕೇ ರಾಜ್ಯದ ರಾಜಧಾನಿ ಆಲ್ಬನಿವರೆಗೂ ಹೋಗ್ಬೇಕಾಯ್ತು.

ಜಾಬ್ ಟಾಕಿಗೆ ಮುಕ್ಕಾಲು ಗಂಟೆ, ಪ್ರಶ್ನೆಗೆ ಕಾಲು ಗಂಟೆ. ಥಿಯರಿ ಸ್ಲೈಡು ಒಂದೇ ಇಟ್ಟೆ. ಡೇವಿಡಾಫ್‌ 1965ರಲ್ಲಿ ಬಡವರ ಪರ ವಕಾಲತ್ತು ಮಾಡೋ ಪ್ಲಾನರ್ ಬೇಕು ಅಂದಿದ್ದು, ಆರ್ನ್‌ಸ್ಟೈನ್ 1969ರಲ್ಲಿ ಜನರ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲ ಏಣಿ ಹಾಕಿದ್ದು, ಇವೆಲ್ಲ ಆ ರೂಮಲ್ಲಿ ಕೂತಿರೋರು ಪ್ರತಿ ವರ್ಷ ಪಾಠ ಮಾಡ್ತಾರೆ, ಅವರಿಗೇ ಹೇಳಕ್ಕೆ ಹೋದ್ರೆ ಆಕಳಿಸ್ತಾರೆ. ಅದರ ಬದಲು ಒಂದು ಮನೆಯ ನಕ್ಷೆ ಹಾಕಿ, ಅಡ್ರೆಸ್ಸು ಗುರುತು ಎಲ್ಲ ಅಳಿಸಿ, ಈ ಕಿಟಕಿಗೆ ಕಟ್ಟಡ ಇಲಾಖೆ, ಈ ಮೀಟರಿಗೆ ಇನ್ಯಾರೋ, ಈ ಮೂರನೇ ಅಡುಗೆಮನೆಗೆ ಝೋನಿಂಗು (ಯಾವ ಜಾಗದಲ್ಲಿ ಎಂಥ ಕಟ್ಟಡ ಇರಬಹುದು ಅನ್ನೋ ನಿಯಮ), ಅಂತ ಒಂದೊಂದೇ ತೋರಿಸ್ತಾ ಹೋದೆ.

ಅಡುಗೆಮನೆ ಅಂದಾಗ ಒಬ್ಬ ಹಿರಿಯ ಪ್ರೊಫೆಸರ್ ಮುಂದೆ ಬಗ್ಗಿ ಕೂತ್ರು. ಕುಟುಂಬ ಅಂದ್ರೆ ಯಾರು ಅಂತ ಝೋನಿಂಗ್ ಕಾನೂನು ತೀರ್ಮಾನ ಮಾಡೋದು ಸರಿನಾ ಅಂತ ಕೇಳಿದ್ರು. ನಾನು 1977ರ ಮೂರ್ ವರ್ಸಸ್ ಸಿಟಿ ಆಫ್ ಈಸ್ಟ್ ಕ್ಲೀವ್‌ಲ್ಯಾಂಡ್ ಕೇಸಿಗೆ ಹೋದೆ. ಐನೆಜ್ ಮೂರ್ ಅನ್ನೋ ಅಜ್ಜಿ, ಒಂದೇ ಮನೇಲಿ ಮಗ ಮತ್ತು ಇಬ್ಬರು ಮೊಮ್ಮಕ್ಕಳು, ಆದ್ರೆ ಮೊಮ್ಮಕ್ಕಳು ಅಣ್ಣತಮ್ಮ ಅಲ್ಲ, ಅವರಪ್ಪಂದಿರು ಅಣ್ಣತಮ್ಮ. ಊರಿನ ನಿಯಮದ ಕುಟುಂಬದಲ್ಲಿ ಎರಡನೇ ಮೊಮ್ಮಗನಿಗೆ ಜಾಗ ಇಲ್ಲ, ಅಜ್ಜಿಗೆ 5 ದಿನ ಜೈಲು, 25 ಡಾಲರ್ ದಂಡ ಅಂತ ಶಿಕ್ಷೆ. ಸುಪ್ರೀಂ ಕೋರ್ಟು 5–4ರಲ್ಲಿ ಆ ನಿಯಮ ಹೊಡೆದುಹಾಕ್ತು. ಆಕೆ ವಲಸಿಗರಲ್ಲ, ಕಪ್ಪು ಅಮೆರಿಕನ್ ಮಹಿಳೆ, ಆದ್ರೆ ಅಜ್ಜಿ ತಾತ ದೊಡ್ಡಪ್ಪ ಅಂತ ಒಟ್ಟಿಗಿರೋ ಎಲ್ಲ ವಲಸಿಗ ಮನೆಗಳಿಗೂ ಆ ತೀರ್ಪು ನೆರಳು ಕೊಡತ್ತೆ. ರಕ್ತಸಂಬಂಧ ಇಲ್ದೆ ರೂಮ್ ಹಂಚ್ಕೊಂಡಿರೋರಿಗೆ ಮಾತ್ರ ಕೊಡಲ್ಲ, ಅವರ ವಿಷಯದಲ್ಲಿ 1974ರ ಬೆಲ್ ಟೆರ್ ತೀರ್ಪು ಊರಿನ ಪರವಾಗಿದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದ್ಮೇಲೆ ಪ್ರಶ್ನೆಗಳ ಧಾಟಿನೇ ಬದಲಾಯ್ತು, ಪರೀಕ್ಷೆ ಮಾಡೋದು ಬಿಟ್ಟು ನನ್ನ ಜೊತೆ ವಾದ ಮಾಡಕ್ಕೆ ಶುರು ಮಾಡಿದ್ರು. ಅದು ಒಳ್ಳೇ ಲಕ್ಷಣ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಪ್ರಶ್ನೆ ಖಂಡಿತ ಬರತ್ತೆ, ತಯಾರಿ ಇಟ್ಕೊಳ್ಳಿ: ಪೇಪರ್ಸ್ ಇಲ್ಲದವರ ಮಾಹಿತೀನ ಹೇಗೆ ಕಾಪಾಡ್ತೀರ? ನನ್ನ ಉತ್ತರ ಸರಳ, ನಾನು ಯಾರ ಹತ್ರನೂ ಇಮಿಗ್ರೇಶನ್ ಸ್ಟೇಟಸ್ ಕೇಳೇ ಇಲ್ಲ, ನನ್ನ ಸಂಶೋಧನೆಗೆ ಅದು ಬೇಕಾಗೂ ಇರ್ಲಿಲ್ಲ. ಸಹಿ ಮಾಡಿಸ್ಕೊಳ್ಳೋ ಕನ್ಸೆಂಟ್ ಫಾರ್ಮೂ ಇಲ್ಲ. ಆ ಒಂದು ಹಾಳೆನೇ ಅವರನ್ನ ನನ್ನ ಸಂಶೋಧನೆಗೆ ಅಂಟಿಸೋ ಏಕೈಕ ದಾಖಲೆ ಆಗಿದ್ದು, ಗುಟ್ಟು ಹೊರಬೀಳೋದೇ ಮುಖ್ಯ ಅಪಾಯ ಆಗಿದ್ರೆ ಸಹಿಗೆ ವಿನಾಯ್ತಿ ಕೊಡಕ್ಕೆ ಫೆಡರಲ್ ನಿಯಮದಲ್ಲೇ ಅವಕಾಶ ಇದೆ, ಐಆರ್‌ಬಿ (ಸಂಶೋಧನೆಯ ನೈತಿಕತೆ ನೋಡೋ ಯೂನಿವರ್ಸಿಟಿ ಸಮಿತಿ) ಹತ್ರ ಅದನ್ನ ಕೇಳಿ ತಗೊಂಡಿದ್ದೆ. ಬಾಯಲ್ಲಿ ವಿವರಿಸಿ ಬಾಯಲ್ಲೇ ಒಪ್ಪಿಗೆ. ಈಗಿನ ವಾತಾವರಣದಲ್ಲಂತೂ ಇದನ್ನ ಗಟ್ಟಿಯಾಗಿ ಹೇಳಕ್ಕಾಗದೇ ಇರೋರಿಗೆ ಈ ವಿಷಯದಲ್ಲಿ ಕೆಲಸ ಕೊಡ್ಬಾರ್ದು ಅಂತಾನೇ ನಾನು ಅಂದ್ಕೊಳ್ತೀನಿ.

ಟೀಚಿಂಗ್ ಡೆಮೊಗೆ ಮೆಥಡ್ಸ್ ಕ್ಲಾಸಿನ ಒಂದು ತುಣುಕು ಕೊಟ್ರು, ನಾನು ಅಮೆರಿಕದ ಸೆನ್ಸಸ್ ಬ್ಯೂರೋ ಮಾಡೋ ಅಮೆರಿಕನ್ ಕಮ್ಯುನಿಟಿ ಸರ್ವೆಯ ಭಾಷೆ ಟೇಬಲ್ ತೆಗೆದೆ. ಅದರಲ್ಲಿ ತಮಿಳಿಗೆ ಒಂದು ಸಾಲು, ತೆಲುಗಿಗೆ ಒಂದು ಸಾಲು, ಕನ್ನಡ ಮಾತ್ರ "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಅನ್ನೋ ಒಟ್ಟು ಸಾಲಲ್ಲಿ ಸೇರ್ಕೊಂಡಿದೆ (ನೋಡಿ ಸ್ವಲ್ಪ ಹೊಟ್ಟೆ ಉರೀತು, ನಿಜ). ವಿದ್ಯಾರ್ಥಿಗಳಿಗೆ ಕೇಳಿದ್ದು ಇಷ್ಟೇ: ನೀವು ಒಂದು ಏರಿಯಾದ ಪ್ಲಾನರ್, ಈ ಸಾಲಲ್ಲಿ ಒಂದು ಸಂಖ್ಯೆ ಇದೆ, ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಮಾರ್ಜಿನ್ ಆಫ್ ಎರರ್ (ಆ ಸಂಖ್ಯೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋ ಅಂದಾಜು) ಇದೆ, ಯಾವ ಭಾಷೇಲಿ ನೋಟಿಸ್ ಛಾಪಿಸ್ತೀರ? ಉತ್ತರ ಟೇಬಲಲ್ಲಿ ಇಲ್ಲ, ಸ್ಕೂಲಿಗೆ, ಗುರುದ್ವಾರಕ್ಕೆ, ಅಂಗಡಿಗೆ ಹೋಗಿ ಕೇಳ್ಬೇಕು ಅನ್ನೋದನ್ನ ಅವರೇ ಹೇಳೋವರೆಗೂ ಬಿಟ್ಟೆ. ಹಿಂದಿನ ಸಾಲಲ್ಲಿದ್ದ ಹುಡುಗಿ, ಅವಳ ಮನೇಲಿ ಅಪ್ಪ ಅಮ್ಮನಿಗೆ ಬರೋ ಸಿಟಿ ಪತ್ರಗಳನ್ನೆಲ್ಲ ಚಿಕ್ಕಂದಿನಿಂದ ಅವಳೇ ಓದಿ ಹೇಳ್ತಿದ್ಲಂತೆ, ಕ್ಲಾಸು ಅಲ್ಲಿಂದ ತಾನೇ ತಾನಾಗಿ ನಡೀತು.

ಭಾಷೆ ವಿಚಾರ ಬಂದಾಗ ಕಾನೂನೂ ಗೊತ್ತಿರ್ಬೇಕು. 2000ದಲ್ಲಿ ಕ್ಲಿಂಟನ್ ಹೊರಡಿಸಿದ್ದ 13166ನೇ ಆದೇಶ ಫೆಡರಲ್ ಸೇವೆಗಳು ಇಂಗ್ಲಿಷ್ ಸರಿಯಾಗಿ ಬರದವರಿಗೂ ತಲುಪ್ಬೇಕು ಅಂತಿತ್ತು, 2025ರ ಮಾರ್ಚಲ್ಲಿ ಇಂಗ್ಲಿಷನ್ನ ಅಧಿಕೃತ ಭಾಷೆ ಮಾಡಿದ ಆದೇಶದ ಜೊತೆಗೇ ಅದು ರದ್ದಾಯ್ತು. ಫೆಡರಲ್ ದುಡ್ಡು ತಗೊಳ್ಳೋರು ಜನಾಂಗ, ಮೂಲ ದೇಶ ನೋಡಿ ತಾರತಮ್ಯ ಮಾಡ್ಬಾರ್ದು ಅನ್ನೋ 1964ರ ಸಿವಿಲ್ ರೈಟ್ಸ್ ಕಾಯ್ದೆಯ ಆರನೇ ಅಧ್ಯಾಯ ಹಾಗೇ ಇದೆ, ನ್ಯೂಯಾರ್ಕ್ ಸಿಟಿಗೆ ತನ್ನದೇ 2017ರ ಸ್ಥಳೀಯ ಕಾನೂನಿದೆ, ಹತ್ತು ಭಾಷೆಗಳಲ್ಲಿ ಸೇವೆ ಕೊಡ್ಬೇಕು ಅಂತ. ಡೀನ್ ಜೊತೆಗಿನ ಮೀಟಿಂಗಲ್ಲಿ ಇದು ಬಂತು, ಫೆಡರಲ್ ಮಟ್ಟದಲ್ಲಿ ಬಾಗಿಲು ಮುಚ್ಚಿದ್ರೆ ನಿಮ್ಮ ವಿಷಯಕ್ಕೆ ಗ್ರಾಂಟ್ ಎಲ್ಲಿಂದ ಬರತ್ತೆ ಅಂತ ಅವರ ಚಿಂತೆ. ಫೌಂಡೇಶನ್‌ಗಳು, ಸಿಟಿಗಳು, ಮತ್ತೆ ವಸತಿ, ಪ್ರವಾಹ ಅಂತ ವಿಷಯದ ಕಡೆಯಿಂದ ಹೋಗೋ ದಾರಿ ಹೇಳ್ದೆ. ಬೇಸ್‌ಮೆಂಟ್ ಅಂದ್ರೆ ವಲಸೆನೂ ಹೌದು, ಹವಾಮಾನನೂ ಹೌದಲ್ವಾ.

ಡೈವರ್ಸಿಟಿ ಸ್ಟೇಟ್‌ಮೆಂಟ್ (ವೈವಿಧ್ಯಕ್ಕೆ ನಮ್ಮ ಕೊಡುಗೆ ಏನು ಅಂತ ಬರೆದು ಕೊಡೋ ಹಾಳೆ) ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಂಐಟಿ 2024ರಲ್ಲಿ ಕೇಳೋದು ನಿಲ್ಲಿಸ್ತು, ಟೆಕ್ಸಾಸ್ ಥರದ ರಾಜ್ಯಗಳ ಪಬ್ಲಿಕ್ ಯೂನಿವರ್ಸಿಟಿಗಳು ಕೇಳೋ ಹಾಗೇ ಇಲ್ಲ. ಅದರಲ್ಲಿ ಬರೀಬೇಕು ಅಂದ್ಕೊಂಡಿದ್ದನ್ನ ಟೀಚಿಂಗ್ ಸ್ಟೇಟ್‌ಮೆಂಟಲ್ಲೇ ಸೇರ್ಸಿ, ಅಲ್ಲೇ ಅದಕ್ಕೆ ಬೆಲೆ ಜಾಸ್ತಿ.

ಸ್ಟುಡಿಯೋ ಕ್ಲಾಸ್ ಬಗ್ಗೆ ಮಾತ್ರ ಗಟ್ಟಿ ಅಭಿಪ್ರಾಯ ಇಟ್ಕೊಂಡು ಹೋಗಿ. ಪ್ಲಾನಿಂಗ್ ಮಾಸ್ಟರ್ಸ್‌ನಲ್ಲಿ ವಿದ್ಯಾರ್ಥಿಗಳು ಒಂದು ಸಮುದಾಯ ಸಂಸ್ಥೆ ಜೊತೆ ಸೆಮಿಸ್ಟರ್ ಪೂರ್ತಿ ಕೆಲಸ ಮಾಡಿ ರಿಪೋರ್ಟ್ ಕೊಡ್ತಾರೆ. ಸಂಸ್ಥೆಯವರು ಮೀಟಿಂಗಿಗೆ ಜಾಗ ಕೊಟ್ಟು, ಜನ ಕರೆಸಿ, ಅನುವಾದ ಮಾಡಿ, ಕೊನೆಗೆ ಕೈಗೆ ಸಿಗೋದು ಯಾರೂ ತೆರೆಯದ ಪಿಡಿಎಫ್ಫು. ನನ್ನ ಪ್ಲಾನಲ್ಲಿ ಮೊದಲ ಸಾಲೇ ಬಜೆಟ್ಟು: ಸಂಸ್ಥೆಗೆ ಗೌರವಧನ, ದುಭಾಷಿಗೆ ದುಡ್ಡು, ಮೀಟಿಂಗ್ ವೇಳೇಲಿ ಮಕ್ಕಳನ್ನ ನೋಡ್ಕೊಳ್ಳೋರಿಗೆ ದುಡ್ಡು. ಇದನ್ನ ಇಂಟರ್‌ವ್ಯೂನಲ್ಲಿ ಹೇಳಿ ಬಿಟ್ಟುಬಿಡ್ಲಿಲ್ಲ, ಆಫರ್ ಬಂದಾಗ ಸ್ಟಾರ್ಟಪ್ ದುಡ್ಡನ್ನ (ಹೊಸಬರಿಗೆ ಸಂಶೋಧನೆ ಶುರು ಮಾಡಕ್ಕೆ ಯೂನಿವರ್ಸಿಟಿ ಕೊಡೋದು) ಇದಕ್ಕೆ ಖರ್ಚು ಮಾಡಬಹುದು ಅಂತ ಲೆಟರಲ್ಲಿ ಬರೆಸ್ಕೊಂಡೆ. ಸಂಬಳದ ಬಗ್ಗೆ ಚೌಕಾಸಿ ಮಾಡಿದ್ದು ಕಮ್ಮಿ, ಅದು ಒಂಬತ್ತು ತಿಂಗಳ ಲೆಕ್ಕ, ಬೇಸಿಗೆ ನಿಮ್ಮದೇ ಅನ್ನೋದು ಮಾತ್ರ ಮರೀಬೇಡಿ. ಕೋರ್ಸ್ ರಿಲೀಸ್ (ಪಾಠ ಮಾಡೋದು ಕಮ್ಮಿ ಮಾಡಿಸ್ಕೊಳ್ಳೋದು) ಮೊದಲ ವರ್ಷಕ್ಕೆ ಕೇಳ್ದೆ, ಕೊಟ್ರು. ಸಮುದಾಯಕ್ಕೆ ಬರೆದ ರಿಪೋರ್ಟುಗಳು ಟೆನ್ಯೂರಿಗೆ ಲೆಕ್ಕಕ್ಕೆ ಬರ್ತವಾ ಅಂತಾನೂ ಕೇಳಿ, ಬಾಯಿಮಾತಿನ ಹೌದು ಸಾಕಾಗಲ್ಲ, ಡಿಪಾರ್ಟ್‌ಮೆಂಟಿನ ಚೇರ್ (ಮುಖ್ಯಸ್ಥರು) ಬದಲಾಗ್ತಾರೆ.

ವೀಸಾ ವಿಷಯ ಭಾರತದವರಿಗೆ ಬೇರೆಯಾಗೇ ಹೇಳ್ಬೇಕು. ಸ್ಪಾನ್ಸರ್‌ಶಿಪ್ ಬೇಕಾ ಅಂತ ಫಾರ್ಮಲ್ಲಿ ಕೇಳ್ತಾರೆ, ನಿಜ ಹೇಳಿ, ಇಂಟರ್‌ವ್ಯೂನಲ್ಲಿ ನೀವಾಗೇ ಎತ್ತೋ ಅಗತ್ಯ ಇಲ್ಲ. ಯೂನಿವರ್ಸಿಟಿಗಳಿಗೆ ಎಚ್‌–1ಬಿ ಲಾಟರಿ ಇಲ್ಲ, ವರ್ಷದ ಯಾವ ತಿಂಗಳಲ್ಲಾದ್ರೂ ಹಾಕಬಹುದು, ಇದು ಕಂಪನಿಗೆ ಹೋಗೋ ಗೆಳೆಯರಿಗೆ ಹೋಲ್ಸಿದ್ರೆ ದೊಡ್ಡ ನಿರಾಳ. ಗ್ರೀನ್ ಕಾರ್ಡಿಗೆ ಕಾಲೇಜು ಮೇಷ್ಟ್ರುಗಳಿಗೆ ಅಂತಾನೇ, ಕಾರ್ಮಿಕ ಇಲಾಖೆ ಕೊಡೋ ಒಪ್ಪಿಗೆಯಾದ ಲೇಬರ್ ಸರ್ಟಿಫಿಕೇಶನ್‌ನಲ್ಲಿ ಸ್ಪೆಶಲ್ ಹ್ಯಾಂಡ್ಲಿಂಗ್ ಇದೆ, ನೀವೇ ಎಲ್ಲರಿಗಿಂತ ಹೆಚ್ಚು ಅರ್ಹರು ಅಂತ ತೋರ್ಸಿದ್ರೆ ಆಯ್ತು, ಆದ್ರೆ ನಿಮ್ಮನ್ನ ಆಯ್ಕೆ ಮಾಡಿದ ದಿನದಿಂದ 18 ತಿಂಗಳೊಳಗೆ ಅರ್ಜಿ ಹಾಕ್ಬೇಕು, ಮೂಲ ಜಾಹೀರಾತೂ ರಾಷ್ಟ್ರಮಟ್ಟದ ವೃತ್ತಿಪರ ಜರ್ನಲಲ್ಲಿ ಬಂದಿರ್ಬೇಕು. ಈ ಗಡಿ ದಾಟಿದ್ರೆ ಮತ್ತೆ ಹೊಸದಾಗಿ ಜಾಹೀರಾತಿಂದ ಶುರು. ಭಾರತದಲ್ಲಿ ಹುಟ್ಟಿದವರ ಕ್ಯೂ ಎಷ್ಟುದ್ದ ಅಂತ ಎಲ್ರಿಗೂ ಗೊತ್ತು, ಅದರಲ್ಲಿ ನಿಮ್ಮ ಜಾಗ ಹಿಡಿಯೋದು ಈ ಅರ್ಜಿ ಹಾಕಿದ ತಾರೀಖೇ. ಹಾಗಾಗಿ ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಎಚ್‌ಆರ್‌ಗೆ ಮೇಲ್ ಹಾಕಿ, ಜಾಹೀರಾತಿನ ಪ್ರತಿ, ಬಂದ ತಾರೀಖು, ಆಯ್ಕೆಯ ತಾರೀಖು ಮೂರನ್ನೂ ತರಿಸಿ ಇಟ್ಕೊಂಡೆ.