ಆನ್‌ಲೈನ್ ಫಾರ್ಮಿನ್ಯಾಗ ತಾರೀಖು ತಪ್ಪಬಾರದಂದ್ರ ಹಿಂಗ ಮಾಡ್ರಿ

ಧಾರವಾಡದ ನೆಟ್ ಸೆಂಟರ್‌ನ್ಯಾಗ ನೌಕರಿ ಪರೀಕ್ಷೆಗೆ ಅರ್ಜಿ ತುಂಬೋ ಹುಡುಗ್ರನ್ನ ನೋಡ್ರಿ, ಹುಟ್ಟಿದ ತಾರೀಖಿನ ಹತ್ರ ಬಂದು ನಿಂತಬಿಡ್ತಾರ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರು ಬರೆದ ಜೂನ್ 1 ನಮ್ಮ ಕಡೆ ಭಾಳ ಮಂದೀದು. ಅದನ್ನ 01, ಆಮ್ಯಾಲ 06 ಅಂತ ಹೊಡೀತಾರ, ಆ ಕಂಪ್ಯೂಟರ್ ಅಮೆರಿಕನ್ ಇಂಗ್ಲಿಷ್‌ನ್ಯಾಗ ಇತ್ತಂದ್ರ ಅದು ಜನವರಿ 6 ಆಗಿ ಕುಂದರತೈತಿ, ಎರರ್ ಸುದ್ದಾ ಬರಂಗಿಲ್ಲ. ಮುಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ತಾಳೆ ಆಗದ ಒದ್ದಾಡೋದು ಆ ಹುಡುಗ. ತಪ್ಪು ಅವಂದಲ್ಲ, ಫಾರ್ಮ್ ಮಾಡಿದವ್ರದು.

ಫಾರ್ಮ್ ಮಾಡೋರು ನೀವಾಗಿದ್ರ ಮೊದಲ ಕೆಲಸ, ಬ್ರೌಸರ್ ತಾನ ಕೊಡೋ ಡೇಟ್ ಇನ್‌ಪುಟ್ (ತಾರೀಖು ತುಂಬೋ ಬಾಕ್ಸ್) ಹಾಕ್ರಿ. ಕ್ರೋಮ್‌ಗೆ 2012ರಾಗ, ಫೈರ್‌ಫಾಕ್ಸ್‌ಗೆ 2017ರಾಗ, ಮ್ಯಾಕ್ ಸಫಾರಿಗೆ 2021ರಾಗ ಬಂದೈತಿ. ಜೇಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯ ಹಳೇ ಕ್ಯಾಲೆಂಡರ್ ಕಾಪಿ-ಪೇಸ್ಟ್ ಮಾಡೋದು ಇನ್ನ ಸಾಕು, ಮೊಬೈಲ್‌ನ್ಯಾಗ ಕೀಬೋರ್ಡ್ ಎದ್ದು ಅದನ್ನ ಅರ್ಧ ಮುಚ್ಚಿಬಿಡತೈತಿ. ಬರೇ ತಿಂಗಳು-ವರ್ಷ ಕೇಳೋ ಮಂತ್ ಇನ್‌ಪುಟ್ ಮಾತ್ರ ಮುಟ್ಟಬ್ಯಾಡ್ರಿ, ಕೆಲವು ಕಡೆ ಬರೇ ಟೆಕ್ಸ್ಟ್ ಬಾಕ್ಸ್ ಆಗಿ ಕಾಣತೈತಿ.

ಎರಡನೇದು, ಕಾಣೋದು ಬ್ಯಾರೆ, ಸರ್ವರ್‌ಗೆ ಹೋಗೋದು ಬ್ಯಾರೆ. ಹೋಗೋದು ಯಾವಾಗಲೂ ವರ್ಷ-ತಿಂಗಳು-ದಿನ, 1998-06-01 ಹಿಂಗ. ಕಾಣೋದು ಆ ಮಷೀನಿನ ಭಾಷೆ ಸೆಟ್ಟಿಂಗ್ ಇದ್ದಂಗ. ಪೇಜಿನ ಭಾಷೆ ಕನ್ನಡ ಅಂತ ಬರೆದ್ರೂ ಕ್ರೋಮ್ ಕೇಳಂಗಿಲ್ಲ, ಪ್ಲೇಸ್‌ಹೋಲ್ಡರ್ (ಖಾಲಿ ಬಾಕ್ಸಿನ್ಯಾಗ ಕಾಣೋ ಸುಳುವಿನ ಅಕ್ಷರ) ಹಾಕಿದ್ರೂ ತೋರಸಂಗಿಲ್ಲ. ಈ ಡೇಟ್ ಬಾಕ್ಸನ್ನ ಸಿಎಸ್‌ಎಸ್‌ನ್ಯಾಗ (ಪೇಜಿನ ರೂಪ ಹೇಳೋ ಕೋಡ್) ಮುಚ್ಚಿ ಮ್ಯಾಲೊಂದು ಸುಳ್ಳು ಬಾಕ್ಸ್ ಇಟ್ಟವ್ರನ್ನ ಭಾಳ ನೋಡೀನಿ, ಒಂದು ಬ್ರೌಸರ್‌ನ್ಯಾಗ ಸರಿ ಮಾಡಿದ್ರ ಇನ್ನೊಂದರಾಗ ಕೆಡತೈತಿ. ಅದರ ಬದಲಿ ಬಾಕ್ಸಿನ ಕೆಳಗ, ಆರಿಸಿದ ತಾರೀಖನ್ನ ತಿಂಗಳ ಹೆಸರು ಹಿಡಿದು ತೋರಸ್ರಿ: ‘ಸೋಮವಾರ, ಜೂನ್ 1, 1998’. ಜಾವಾಸ್ಕ್ರಿಪ್ಟಿನ ಡೇಟ್ ಫಾರ್ಮ್ಯಾಟಿಗೆ ಭಾಷೆ ಕೆಎನ್-ಐಎನ್ (kn-IN), ಡೇಟ್-ಸ್ಟೈಲ್ ಫುಲ್ ಅಂತ ಕೊಟ್ರ ಕನ್ನಡದಾಗ ಬರತೈತಿ. ತಾರೀಖು ಕೇಳೋ ಯಾವ ಫಾರ್ಮಿನ್ಯಾಗೂ ಈ ಸಾಲು ಬಿಡಬಾರದು.

ಇನ್ನ ಎಲ್ಲಾರೂ ಎಡವೋ ಜಾಗ, ತಾರೀಖು ಒಂದು ದಿನ ಹಿಂದ ಸರಿಯೋದು. ಗದಗಿನ ಒಂದು ಕಲ್ಯಾಣ ಮಂಟಪದ ಬುಕಿಂಗ್ ಅಂತ ಹಿಡಿರಿ, ಗಿರಾಕಿ ಆರಿಸಿದ್ದು ಮೇ 10, ಡೇಟಾಬೇಸ್‌ನ್ಯಾಗ ಕುಂತಿದ್ದು ಮೇ 9. ಯಾಕಂದ್ರ ಕ್ಯಾಲೆಂಡರ್ ಲೈಬ್ರರಿ ಕೊಡೋದು ಮೇ 10ರ ನಮ್ಮ ಮಧ್ಯರಾತ್ರಿ 12 ಗಂಟೆ, ನಮ್ಮ ಟೈಮ್ ಯುಟಿಸಿಗಿಂತ (ಜಗತ್ತಿಗೆಲ್ಲಾ ಒಂದೇ ಇರೋ ಲೆಕ್ಕದ ಟೈಮ್) ಐದೂವರೆ ತಾಸು ಮುಂದ ಐತಿ, ಅದರ ಮ್ಯಾಲ ಟು-ಐಎಸ್‌ಒ-ಸ್ಟ್ರಿಂಗ್ (ಟೈಮನ್ನ ಯುಟಿಸಿಗೆ ತಿರುಗಿಸಿ ಅಕ್ಷರದಾಗ ಕೊಡೋ ಜಾವಾಸ್ಕ್ರಿಪ್ಟ್ ಫಂಕ್ಷನ್) ಕರೆದ್ರ ಅದು ಹಿಂದಿನ ದಿನದ 18:30 ಆಗತೈತಿ, ಮೊದಲ ಹತ್ತು ಅಕ್ಷರ ಕತ್ತರಿಸಿ ಇಟ್ಟಕೊಂಡ್ರ ದಿನಾನ ಬದಲಿ. ಹಿಂದಿನ ತಾರೀಖು ಆರಿಸಬಾರದಂತ ಮಿನ್‌ಗೆ (ಆರಿಸಬಹುದಾದ ಎಲ್ಲಾಕಿಂತ ಮೊದಲಿನ ತಾರೀಖು) ಇವತ್ತಿನ ದಿನ ಹಿಂಗ ತೆಗೆದು ಹಾಕಿದ್ರ ರಾತ್ರಿ 12ರಿಂದ ಮುಂಜಾನಿ 5:30ರ ತನಕ ನಿನ್ನೆ ತಾರೀಖು ಬರತೈತಿ, ಹಗಲೊತ್ತು ಟೆಸ್ಟ್ ಮಾಡೋರ ಕಣ್ಣಿಗೆ ಇದು ಬೀಳೋದೇ ಇಲ್ಲ. ಅದಕ್ಕ ಇನ್‌ಪುಟ್ ಕೊಟ್ಟ ಸ್ಟ್ರಿಂಗನ್ನ (1998-06-01 ಅನ್ನೋ ಅಕ್ಷರದ ಸಾಲು) ಇದ್ದಂಗ ಕಳಸ್ರಿ, ನಡುವ ಡೇಟ್ ಆಬ್ಜೆಕ್ಟ್ (ಜಾವಾಸ್ಕ್ರಿಪ್ಟ್ ತಾರೀಖು-ಟೈಮ್ ಕೂಡಿಸಿ ಇಡೋ ರೂಪ) ಮಾಡಬ್ಯಾಡ್ರಿ. ಡೇಟಾಬೇಸ್‌ನ್ಯಾಗ ಡೇಟ್ ಕಾಲಂ ಇರಲಿ, ಟೈಮೂ ಕೂಡಿರೋ ಟೈಮ್‌ಸ್ಟ್ಯಾಂಪ್ ಬ್ಯಾಡ. ಮ್ಯಾಲ ಹೇಳಿದ ಕನ್ನಡದ ಸಾಲಿಗೆ ಡೇಟ್ ಆಬ್ಜೆಕ್ಟ್ ಬೇಕಾಗತೈತಿ, ಅಲ್ಲೆ ಟೈಮ್‌ಝೋನ್ ಯುಟಿಸಿ ಅಂತ ಕೊಡ್ರಿ, ಬರೇ ತಾರೀಖಿನ ಸ್ಟ್ರಿಂಗನ್ನ ಜಾವಾಸ್ಕ್ರಿಪ್ಟ್ ಯುಟಿಸಿ ಅಂತನ ಓದತೈತಿ.

ಹುಟ್ಟಿದ ತಾರೀಖಿಗೆ ಕ್ಯಾಲೆಂಡರೇ ಬ್ಯಾಡ ಅಂತೀನಿ. 1998ಕ್ಕ ಹೋಗಲಿಕ್ಕೆ ತಿಂಗಳು ತಿಂಗಳು ಹಿಂದ ಒತ್ತಕೋತ ಕುಂದರ್ತಾರ, ವರ್ಷದ ಮ್ಯಾಲ ಒತ್ತಬೇಕಂತ ಎಷ್ಟೋ ಮಂದಿಗೆ ಗೊತ್ತಿಲ್ಲ. ದಿನಕ್ಕೊಂದು ಬಾಕ್ಸ್, ವರ್ಷಕ್ಕೊಂದು ಬಾಕ್ಸ್, ತಿಂಗಳಿಗೆ ಹೆಸರಿನ ಡ್ರಾಪ್‌ಡೌನ್. ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್‌ನ್ಯಾಗೂ ಹುಟ್ಟಿದ ತಾರೀಖಿಗೆ ಮೂರು ಬಾಕ್ಸೇ ಅದಾವ, ಅವ್ರು ತಿಂಗಳಿಗೂ ಅಂಕಿ ಕೇಳ್ತಾರ, ನಮಗ ಹೆಸರೇ ಛಲೋ. ಆವಾಗ ಜೂನ್ ಜನವರಿ ಆಗಲಿಕ್ಕೆ ದಾರೀನ ಇಲ್ಲ. ಬಾಕ್ಸಿನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದು ಬ್ಯಾಡ, ಐಫೋನ್ ಪೇಜನ್ನ ಝೂಮ್ ಮಾಡಿಬಿಡತೈತಿ.

ಉಳಿದ ಫಾರ್ಮಿಗೆ ಮ್ಯಾಕ್ಸ್ (ಆರಿಸಬಹುದಾದ ಕಡೀ ತಾರೀಖು) ಹಾಕ್ರಿ, ಇಲ್ಲಾಂದ್ರ ಕ್ರೋಮ್ ಆರಂಕಿ ವರ್ಷಾನೂ ತಗೋತೈತಿ. ಹಳೇ ಐಫೋನ್ ಮಿನ್-ಮ್ಯಾಕ್ಸ್ ದಾಟಿ ಆರಿಸಲಿಕ್ಕೆ ಬಿಡತಾವ, ಹಂಗಾಗಿ ಸರ್ವರ್‌ನ್ಯಾಗೂ ಚೆಕ್ ಇರಲಿ.

ಕಡೀಕ ಟೆಸ್ಟ್. ಭಾಷೆ ಸೆಟ್ಟಿಂಗ್ ಒಮ್ಮೆ ಅಮೆರಿಕನ್ ಇಂಗ್ಲಿಷ್, ಒಮ್ಮೆ ಇಂಡಿಯಾ ಇಂಗ್ಲಿಷ್ ಇಟ್ಟು 01 06 ಹೊಡೀರಿ. ಐಫೋನ್ ಯಾರದರ ಇಸಗೊಂಡು ಒಮ್ಮೆ ನೋಡಿದ್ರ ಸಾಕು, ನಮ್ಮ ದೇಶದಾಗ ಅದರಾಗಿನ ಕ್ರೋಮ್ ಒಳಗೂ ಓಡೋದು ಸಫಾರಿ ಎಂಜಿನ್ನೇ. ಆಮ್ಯಾಲ ಲ್ಯಾಪ್‌ಟಾಪಿನ ಗಡಿಯಾರ ರಾತ್ರಿ 2 ಗಂಟೆಗೆ ತಿರುಗಿಸಿ ಬುಕಿಂಗ್ ಮಾಡಿ, ಡೇಟಾಬೇಸ್ ತೆಗೆದು ತಾರೀಖು ನೋಡ್ರಿ.